ಸೊರಬದ ಕಾನುಗಳ ಹೆಸರು ಹುಡುಕಿದ್ದು

ಊರಿನ ಹೆಸರು ಪಹಣಿಯಲ್ಲಿ ಇರುತ್ತದೆ. ಊರೊಳಗಿನ ಕಾನು (ದಟ್ಟ ನಿತ್ಯಹಸಿರು ಕಾಡು), ಹಕ್ಕಲು, ಬೈಲು, ಕಟ್ಟೆಗಳ ಹೆಸರು ಬಾಯಲ್ಲಿ ಮಾತ್ರ ಇರುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ ನಾನು ಬರೆದಿಡಲು ಹೊರಟಿದ್ದು ಇವನ್ನೇ, ಅದರಲ್ಲೂ ಕಾನಿನ ಹೆಸರುಗಳನ್ನು. 1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಇಲ್ಲಿನ ಕಾನುಗಳ ಬಗ್ಗೆ ಬರೆದ ವರದಿಯಲ್ಲೇ 171 ಕಾನುಗಳ ಲೆಕ್ಕವಿದೆ. ಆಗ ಕಾಳುಮೆಣಸು, ಬೈನೆ ಮರದ ಕಳ್ಳು ಎಲ್ಲ ಕಾನಿನಿಂದಲೇ ಬರುತ್ತಿತ್ತು. ಮೆಣಸು ಕೊಯ್ಯಲು ಹೊರಟವರು ಯಾವ ಕಾನಿಗೆ ಅಂತ ಹೇಳಬೇಕಲ್ಲ, ಹೆಸರಿಲ್ಲದೆ ಆಗುತ್ತಾ?

ಹೆಸರು ಯಾಕೆ ಬಂತು ಅಂತ ನಾನು ಮೊದಲಿಗೆ ಕೇಳುವುದೇ ಇಲ್ಲ. ಕೇಳಿದರೆ ಪಾಂಡವರು ಬಂದೇ ಬರುತ್ತಾರೆ! ಆ ಕಥೆಗೆ ಬೇರೆ ನೋಟ್‌ಬುಕ್ ಇದೆ. ನನ್ನ ಪ್ರಶ್ನೆ ಇಷ್ಟೇ: "ಅಜ್ಜ, ಅಲ್ಲಿಗೆ ಯಾವ ಕಡೆಯಿಂದ ಹೋಗ್ತೀರಿ?" ದನ ಕಾಯುವವರು, ಸೊಪ್ಪು ತರುವ ಹೆಂಗಸರು ದಾರಿ ಹೇಳುತ್ತಾ ಹೇಳುತ್ತಾ ನಾನು ಕೇಳದ ಹೆಸರುಗಳನ್ನೂ ಉದುರಿಸುತ್ತಾರೆ. ಆಮೇಲೆ ಅವರ ಜೊತೆ ಆ ಜಾಗಕ್ಕೇ ಹೋಗುತ್ತೇನೆ. ಅಲ್ಲಿ ನಿಂತು ಸರ್ಕಾರದ ಭೂನಕ್ಷೆಯ ದಿಶಾಂಕ್ ಆಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಹೆಸರಿನ ಪಕ್ಕ ಅದನ್ನು ಬರೆದು, ಮನೆಗೆ ಬಂದು ಗ್ರಾಮ ನಕ್ಷೆಯಲ್ಲಿ ಗುರುತು ಹಾಕುತ್ತೇನೆ.

ಒಂದೇ ಕಾನಿಗೆ ಈ ಕಡೆ ಊರಿನವರು ಚೌಡಿಯ ಹೆಸರು, ಆ ಕಡೆಯವರು ಹಲಸಿನ ಹೆಸರು ಹೇಳುವುದುಂಟು. ಎರಡನ್ನೂ ಇಟ್ಟುಕೊಳ್ಳುತ್ತೇನೆ. ಯಾವುದು ಸರಿ ಅಂತ ತೀರ್ಪು ಕೊಡಲು ನಾನ್ಯಾರು?

ಅರ್ಥದ ವಿಚಾರ ಕೊನೆಗೆ. ಕೆರೆಯೇ ಇಲ್ಲದ ಕಡೆ 'ಕೆರೆ' ಅನ್ನುವ ಹೆಸರಿದ್ದರೆ ಸುತ್ತ ನಡೆದು ನೋಡಬೇಕು. ಗದ್ದೆಯಂಚಿನ ಎತ್ತರದ ಗಾಡಿದಾರಿ ಹಳೇ ಕೆರೆಯ ಏರಿಯೇ ಆಗಿರಬಹುದು. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ (1904) ಸೊರಬದ ಶಾಸನಗಳಿವೆ. ಈಗಿನ ಉದ್ರಿ ಅಲ್ಲಿ ಉದ್ಧರೆ. ಊರಿನ ಹೆಸರಿಗಿಂತ ನನಗೆ ಜಾಸ್ತಿ ಇಷ್ಟ ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ಸಾಲುಗಳು. ಮರ, ಹುತ್ತ, ಕಲ್ಲು, ಕೆರೆ ಅಂತ ಶಾಸನ ಬರೆಸಿದವರೂ ನಮ್ಮ ದನಗಾಹಿ ಅಜ್ಜನ ಹಾಗೇ ದಾರಿ ಹೇಳುತ್ತಾರೆ. ಆದರೆ ಹೆಸರು ಹೋಲುತ್ತದೆ ಅಂತ ಸುಮ್ನೆ ಗಂಟು ಹಾಕಬಾರದು. ಕೆರೆ, ಹಳ್ಳ, ದಿಕ್ಕು ಹೊಂದಬೇಕು.

ಅಕೇಶಿಯಾ ನೆಟ್ಟ ಕಡೆಗೆ ಹುಡುಗರು 'ಪ್ಲಾಂಟೇಶನ್' ಅನ್ನುತ್ತಾರೆ. ಅದನ್ನೂ ನಕ್ಷೆಯಲ್ಲಿ ಬರೆದಿದ್ದೇನೆ, ಹಳೇ ಹೆಸರಿನ ಕೆಳಗೆ.