ಪ್ರೆಸ್ ಯಂತ್ರದಲ್ಲಿ ಎರಡು ಬೆರಳು ಹೋದ ಮೇಲೆ ನಾನು ಪರಿಹಾರ ಪಡೆದ ಬಗೆ

2022ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಊಟದ ಬಿಡುವಿಗೆ ಇನ್ನು ಹತ್ತು ನಿಮಿಷ ಇರುವಾಗ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ನಡೆಸುತ್ತಿದ್ದ, ಲೋಹದ ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಡಬಲ್ ಸ್ಟ್ರೋಕ್ ಹೊಡೆಯಿತು. ಪೆಡಲನ್ನು ಒಮ್ಮೆ ತುಳಿದರೆ ಪ್ರೆಸ್ ಒಮ್ಮೆ ಮಾತ್ರ ಇಳಿದು ಮೇಲೆ ಹೋಗಿ ನಿಲ್ಲಬೇಕು. ಕ್ಲಚ್ಚಿನ ಕೀ ಸವೆದಿದ್ದರೆ ಅಥವಾ ಬ್ರೇಕ್ ಸಡಿಲವಾಗಿದ್ದರೆ ಅದು ನಿಲ್ಲದೆ ಎರಡನೆಯ ಸಲವೂ ಇಳಿಯುತ್ತದೆ. ಡೈನೊಳಗಿನ (ಲೋಹಕ್ಕೆ ಆಕಾರ ಕೊಡುವ ಅಚ್ಚಿನೊಳಗಿನ) ತುಂಡನ್ನು ತೆಗೆಯಲು ನಾನು ಬಲಗೈ ಹಾಕಿದ್ದ ಹೊತ್ತಿಗೇ ಅದು ಇಳಿದು, ತೋರುಬೆರಳು ಮತ್ತು ನಡುಬೆರಳು ಬುಡದವರೆಗೂ ಹೋದವು. ಆಗ ನನಗೆ 35 ವರ್ಷ, ತಿಂಗಳ ಸಂಬಳ 14,000 ರೂಪಾಯಿ, ವರ್ಕ್‌ಶಾಪಿನಲ್ಲಿ ನನ್ನನ್ನೂ ಸೇರಿಸಿ ಏಳು ಜನ ಕೆಲಸಗಾರರಿದ್ದೆವು. ಈ ಮೂರು ಅಂಕಿಗಳ ಮೇಲೆಯೇ ಮುಂದಿನ ಮೂರು ವರ್ಷದ ನನ್ನ ಹೋರಾಟವೆಲ್ಲ ನಿಂತಿತ್ತೆಂಬುದು ಆ ದಿನ ನನಗೆ ತಿಳಿದಿರಲಿಲ್ಲ.

ನನ್ನನ್ನು ಆಸ್ಪತ್ರೆಗೆ ಕರೆದೊಯ್ದವರು ಸೂಪರ್‌ವೈಸರ್. ಅವರು ಆಟೋದಲ್ಲಿ ಪಕ್ಕದಲ್ಲೇ ಕುಳಿತು ಕೈಗೆ ಬಟ್ಟೆ ಸುತ್ತಿ ಹಿಡಿದುಕೊಂಡಿದ್ದರು, ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ತುರ್ತು ವಿಭಾಗದಲ್ಲಿ ಗಾಯ ಹೇಗಾಯಿತು ಎಂದು ಕೇಳಿದಾಗ, ಮಾಲೀಕರು ಫೋನಿನಲ್ಲಿ ಹೇಳಿಕೊಟ್ಟಂತೆ, ಮನೆಯಲ್ಲಿ ನೀರಿನ ಮೋಟಾರ್ ಬಿಚ್ಚುವಾಗ ಆಯಿತೆಂದು ಬರೆಸಿದರು. ನಾನು ಅರೆಪ್ರಜ್ಞೆಯಲ್ಲಿದ್ದೆ. ಮರುದಿನ ಊರಿನಿಂದ ಬಂದ ನನ್ನ ಭಾವಮೈದುನ ಹಾಸಿಗೆಯ ತುದಿಗೆ ತೂಗುಹಾಕಿದ್ದ ಕೇಸ್ ಶೀಟನ್ನು ಓದಿ, "ಭಾವಾ, ನಿಮ್ಮ ಮನೇಲಿ ಮೋಟಾರ್ ಎಲ್ಲಿದೆ?" ಎಂದು ಕೇಳಿದಾಗಲೇ ನನಗೆ ವಿಷಯ ಗೊತ್ತಾದದ್ದು. ನಾವಿದ್ದದ್ದು ಬಾಡಿಗೆಯ ಒಂದೇ ಕೋಣೆಯ ಮನೆ, ನೀರು ಬರುತ್ತಿದ್ದದ್ದು ಬೀದಿಯ ನಲ್ಲಿಯಲ್ಲಿ.

ಅಂದು ಸಂಜೆ ರೌಂಡ್ಸಿಗೆ ಬಂದ ಡಾಕ್ಟರರಿಗೆ ನಾನೇ ನಡೆದದ್ದನ್ನು ಹೇಳಿದೆ. ಅವರು ಹಳೆಯ ಸಾಲನ್ನು ಅಳಿಸಲಿಲ್ಲ, ಅಳಿಸುವುದು ತಪ್ಪೂ ಹೌದು. ಅದರ ಕೆಳಗೆ ದಿನಾಂಕ ಮತ್ತು ವೇಳೆ ಹಾಕಿ, ರೋಗಿಯೇ ಪ್ರಜ್ಞೆಯಲ್ಲಿ ಹೇಳಿದಂತೆ ಕೆಲಸದ ಸ್ಥಳದಲ್ಲಿ ಪವರ್ ಪ್ರೆಸ್ಸಿನಲ್ಲಿ ಆದ ಗಾಯ ಎಂದು ಬರೆದು ಸಹಿ ಮಾಡಿದರು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ಎಂದು ದಾಖಲಿಸಿ ಪೊಲೀಸ್ ಠಾಣೆಗೆ ಮಾಹಿತಿಯನ್ನೂ ಕಳಿಸಿದರು. ಮೂರನೆಯ ದಿನ ಪೊಲೀಸರು ಬಂದು ನನ್ನ ಹೇಳಿಕೆ ಪಡೆದು, ಯಂತ್ರದ ವಿಷಯದಲ್ಲಿ ತೋರಿದ ಅಜಾಗರೂಕತೆಗೆ ಸಂಬಂಧಿಸಿದ ಭಾರತೀಯ ದಂಡ ಸಂಹಿತೆಯ 287ನೇ ಕಲಮಿನ ಜೊತೆಗೆ, ಅಜಾಗರೂಕತೆಯಿಂದ ತೀವ್ರ ಗಾಯ ಮಾಡುವುದರ ಕುರಿತ 338ನೇ ಕಲಮನ್ನೂ ಸೇರಿಸಿ ಪ್ರಕರಣ ದಾಖಲಿಸಿದರು. ಮುಂದೆ ಪರಿಹಾರದ ವಿಚಾರಣೆಯ ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಎತ್ತಿದ್ದು ಆ ನೀರಿನ ಮೋಟಾರಿನ ಸಾಲನ್ನೇ. ಅದನ್ನು ಎದುರಿಸಿ ನಿಂತದ್ದು ಡಾಕ್ಟರರು ಕೆಳಗೆ ಬರೆದಿದ್ದ ಎರಡು ಸಾಲುಗಳು. ಆದ್ದರಿಂದ ಗಾಯಗೊಂಡವರ ಮನೆಯವರು ಯಾರಾದರೂ ನನ್ನನ್ನು ಕೇಳಿದರೆ, ವಕೀಲರ ವಿಷಯಕ್ಕೂ ಹಣದ ವಿಷಯಕ್ಕೂ ಮೊದಲು, ಕೇಸ್ ಶೀಟಿನಲ್ಲಿ ಗಾಯದ ಕಾರಣ ಏನೆಂದು ಬರೆದಿದೆ ಎಂಬುದನ್ನು ಇವತ್ತೇ ಓದಿಸಿಕೊಳ್ಳಿ ಎನ್ನುತ್ತೇನೆ.

ಆಸ್ಪತ್ರೆಯಿಂದ ಬಿಡುಗಡೆಯಾದ ವಾರದಲ್ಲಿ ಮಾಲೀಕರು ಮನೆಗೆ ಬಂದರು. ಹಣ್ಣು ತಂದಿದ್ದರು. 25,000 ರೂಪಾಯಿ ಕೊಟ್ಟು, ಛಾಪಾ ಕಾಗದದ ಮೇಲೆ ನನ್ನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಇದೇ ಪೂರ್ಣ ಪರಿಹಾರ, ಮುಂದೆ ಯಾವ ತಕರಾರೂ ಇಲ್ಲ ಎಂದಿತ್ತು. ಮನೆಯಲ್ಲಿ ಔಷಧಿಗೆ ದುಡ್ಡಿರಲಿಲ್ಲ, ನಾನು ಒತ್ತಿದೆ. ಆನಂತರ ಎರಡು ತಿಂಗಳ ಕಾಲ, ಎಲ್ಲವೂ ಮುಗಿಯಿತು, ನನ್ನ ಕೈಯಾರೆ ಬರೆದುಕೊಟ್ಟುಬಿಟ್ಟೆ ಎಂಬ ಕೊರಗಿನಲ್ಲಿಯೇ ಕಳೆದೆ. ಅದು ತಪ್ಪು ತಿಳಿವಳಿಕೆಯಾಗಿತ್ತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಮಿನ ಪ್ರಕಾರ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಒಪ್ಪಂದವೂ ಊರ್ಜಿತವಲ್ಲ. ಮೊತ್ತದ ಬಗ್ಗೆ ರಾಜಿ ಮಾಡಿಕೊಂಡಿದ್ದರೂ ಅದನ್ನು ಪರಿಹಾರ ಆಯುಕ್ತರ, ಅಂದರೆ ಈ ಕಾಯ್ದೆಯಡಿ ಅರ್ಜಿ ತೀರ್ಮಾನಿಸುವವರ, ಮುಂದೆ ನೋಂದಾಯಿಸಬೇಕು. ಔಷಧೋಪಚಾರಕ್ಕೆಂದು ಮಾಲೀಕರು ಕೊಟ್ಟ ಹಣವನ್ನು ಪರಿಹಾರದಲ್ಲಿ ಕಳೆಯುವಂತೆಯೂ ಇಲ್ಲ. ಇದನ್ನು ನನಗೆ ಹೇಳಿದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದವರು ನೇಮಿಸಿದ ವಕೀಲರು.

ಪ್ರಾಧಿಕಾರದ ದಾರಿ ಅನೇಕ ಕಾರ್ಮಿಕರಿಗೆ ತಿಳಿದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಉಚಿತ ನೆರವು ಯಾರಿಗೆ ಸಿಗಬೇಕೆಂದು ಪಟ್ಟಿ ಮಾಡಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರೂ ಅದರಲ್ಲಿದ್ದಾರೆ, ಅವರಿಗೆ ಆದಾಯದ ಮಿತಿಯೂ ಇಲ್ಲ. 15100 ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳುವವರ ಹತ್ತಿರ ಹೋಗುವ ಮುನ್ನ ಈ ಬಾಗಿಲನ್ನು ತಟ್ಟಬೇಕು.

ವಕೀಲರು ಮೊದಲು ಕೇಳಿದ್ದು ನನಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇತ್ತೇ ಎಂದು. ಆಗಿನ ನಿಯಮದಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಇಎಸ್‌ಐ ಅನ್ವಯಿಸುತ್ತದೆ, ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದ ನೌಕರರು ಅದರೊಳಗೆ ಬರುತ್ತಾರೆ. ಹಾಗಿದ್ದರೆ ಶಾಶ್ವತ ಅಂಗನಷ್ಟಕ್ಕೆ ಇಎಸ್‌ಐ ನಿಗಮವೇ ಜೀವನಪರ್ಯಂತ ತಿಂಗಳ ಹಣ ಕೊಡುತ್ತದೆ, ಮತ್ತು ಆ ಕಾಯ್ದೆಯ 53ನೇ ಕಲಮಿನ ಕಾರಣದಿಂದ ಮಾಲೀಕರ ಮೇಲೆ ಪರಿಹಾರದ ದಾವೆ ನಡೆಯುವುದಿಲ್ಲ. ನನ್ನ ಸಂಬಳ ಮಿತಿಯೊಳಗಿತ್ತು, ಆದರೆ ನಾವು ಏಳೇ ಜನ. ಅದು ಬಾಯಿಮಾತಾಗಿ ಉಳಿಯದಿರಲೆಂದು, ಈ ವರ್ಕ್‌ಶಾಪು ನೋಂದಣಿಯಾಗಿಲ್ಲ ಎಂಬುದನ್ನು ಇಎಸ್‌ಐ ಕಚೇರಿಯಿಂದ ಬರಹದಲ್ಲಿ ಪಡೆದೆವು. ಮುಂದೆ ಎದುರು ಪಕ್ಷದವರು ದಾವೆಯೇ ನಿಲ್ಲುವುದಿಲ್ಲವೆಂದು ವಾದಿಸಿದಾಗ ಆ ಒಂದು ಪುಟ ಸಾಕಾಯಿತು.

ನಂತರ ಮಾಲೀಕರಿಗೆ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಿದೆವು. ಅಪಘಾತದ ದಿನ, ಸ್ಥಳ, ಕಾರಣ, ಗಾಯ, ಸಂಬಳ ಇಷ್ಟೇ ಅದರಲ್ಲಿದ್ದದ್ದು. ಉತ್ತರ ಬರಲಿಲ್ಲ. ಅರ್ಜಿ ಸಲ್ಲಿಸಲು ಅಪಘಾತದಿಂದ ಎರಡು ವರ್ಷದ ಗಡುವಿದೆ, ನಾವು ಆರನೆಯ ತಿಂಗಳಲ್ಲೇ ಸಲ್ಲಿಸಿದೆವು. ಹಿಂದೆ ನಮ್ಮ ರಾಜ್ಯದಲ್ಲಿ ಕಾರ್ಮಿಕ ಅಧಿಕಾರಿಗಳೇ ಪರಿಹಾರ ಆಯುಕ್ತರಾಗಿದ್ದುದರಿಂದ ಹಳಬರು ಈಗಲೂ ಕಾರ್ಮಿಕ ಇಲಾಖೆಗೆ ಹೋಗು ಎನ್ನುತ್ತಾರೆ. ನಾನು ಅರ್ಜಿ ಹಾಕುವ ಹೊತ್ತಿಗೆ ಆ ಅಧಿಕಾರ ನ್ಯಾಯಾಧೀಶರಲ್ಲಿತ್ತು, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಇಂಥ ಅರ್ಜಿಗಳ ವಿಚಾರಣೆ ನಡೆಯುತ್ತಿತ್ತು. ಗಾಯಗೊಂಡವರು ತಾವು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಅರ್ಜಿ ಹಾಕಬಹುದು. ಹಾವೇರಿ ಕಡೆಯ ನನ್ನಂಥವರು ಊರಿಗೆ ಮರಳಿದ ಮೇಲೂ ದಾರಿ ಮುಚ್ಚಿರುವುದಿಲ್ಲ.

ಮಾಲೀಕರ ಆಕ್ಷೇಪಣೆಯಲ್ಲಿ ಮೂರು ಮಾತುಗಳಿದ್ದವು. ನಾನು ಅವರ ನೌಕರನೇ ಅಲ್ಲ, ಪೀಸ್ ಲೆಕ್ಕದ ಗುತ್ತಿಗೆಯವನು ಎಂಬುದು ಮೊದಲನೆಯದು. ಸಂಬಳ 8,000 ಮಾತ್ರ ಎಂಬುದು ಎರಡನೆಯದು. ನೌಕರನೇ ಅಲ್ಲದವನಿಗೆ ಸಂಬಳ ಎಲ್ಲಿಂದ ಬಂತೆಂದು ನಮ್ಮ ವಕೀಲರು ಕೇಳಿದರು. ನೇಮಕಾತಿ ಪತ್ರವಾಗಲಿ ಸಂಬಳದ ಚೀಟಿಯಾಗಲಿ ನನ್ನಲ್ಲಿರಲಿಲ್ಲ. ಇದ್ದದ್ದು ಫೋನ್‌ಪೇಯಲ್ಲಿ ಹತ್ತನೆಯ ತಾರೀಖಿನ ಆಸುಪಾಸು ಒಂಬತ್ತು ತಿಂಗಳು ತಪ್ಪದೆ ಬಂದಿದ್ದ 14,000 ರೂಪಾಯಿ, ಅದಕ್ಕೆ ಬ್ಯಾಂಕಿನ ಮುದ್ರೆಯೊತ್ತಿದ ಸ್ಟೇಟ್‌ಮೆಂಟು, ಮತ್ತು ಭಾನುವಾರವೂ ಬರಬೇಕು ಎಂದು ಸೂಪರ್‌ವೈಸರ್ ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶಗಳು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಸಂಬಳವನ್ನು ಕೈಗೇ ಕೊಡುತ್ತಿದ್ದರು. ಅಪಘಾತ ಆಗ ಆಗಿದ್ದರೆ ಸಂಬಳವನ್ನು ಸಾಬೀತುಮಾಡುವುದು ಬಹಳ ಕಷ್ಟವಾಗುತ್ತಿತ್ತು.

ಮೂರನೆಯ ಮಾತು ನನ್ನನ್ನು ಹೆಚ್ಚು ನೋಯಿಸಿತು. ಯಂತ್ರದ ಗಾರ್ಡನ್ನು, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ರಕ್ಷಣೆಯನ್ನು, ನಾನೇ ಬಿಚ್ಚಿದೆನೆಂದು ಅವರು ಬರೆದಿದ್ದರು. ನೌಕರರ ಪರಿಹಾರ ಕಾಯ್ದೆಯಲ್ಲಿ ಮಾಲೀಕರ ತಪ್ಪನ್ನು ಸಾಬೀತುಮಾಡುವ ಅಗತ್ಯವಿಲ್ಲ. ಕೆಲಸದಿಂದಾಗಿ ಮತ್ತು ಕೆಲಸದ ವೇಳೆಯಲ್ಲಿ ಅಪಘಾತವಾಗಿದ್ದರೆ ಸಾಕು, ಕಾರ್ಮಿಕ ಸ್ವಲ್ಪ ಮೈಮರೆತಿದ್ದರೂ ಹಕ್ಕು ಹೋಗುವುದಿಲ್ಲ. ಆದರೆ ಸಾವು ಅಥವಾ ಪೂರ್ಣ ಶಾಶ್ವತ ಅಂಗನಷ್ಟ ಆಗಿರದ ಪ್ರಕರಣಗಳಲ್ಲಿ, ಕುಡಿದ ಅಮಲು, ಸುರಕ್ಷತಾ ನಿಯಮದ ಉದ್ದೇಶಪೂರ್ವಕ ಉಲ್ಲಂಘನೆ, ರಕ್ಷಣೆಗೆಂದು ಇದೆ ಎಂದು ಗೊತ್ತಿದ್ದೂ ಗಾರ್ಡನ್ನು ಬೇಕೆಂದೇ ತೆಗೆಯುವುದು, ಇವು ಹಕ್ಕನ್ನು ಕಸಿಯುತ್ತವೆ. ಆ ಯಂತ್ರಕ್ಕೆ ನಾನು ಸೇರುವ ಮೊದಲೇ ಗಾರ್ಡ್ ಇರಲಿಲ್ಲ. ಗಾರ್ಡ್ ಇದ್ದರೆ ಗಂಟೆಗೆ ಬೀಳುವ ಪೀಸುಗಳು ಕಡಿಮೆಯಾಗುತ್ತವೆಂದು ಅದನ್ನು ಬಿಚ್ಚಿ ಮೂಲೆಗಿಟ್ಟಿದ್ದರು. ಇದನ್ನು ಸಾಕ್ಷಿಯ ಕಟ್ಟೆಯಲ್ಲಿ ನಿಂತು ಹೇಳಿದವನು ನನ್ನ ಪಕ್ಕದ ಪ್ರೆಸ್ಸಿನಲ್ಲಿದ್ದ ಹುಡುಗ. ಅಷ್ಟರಲ್ಲಿ ಅವನು ಬೇರೆ ಕಡೆ ಕೆಲಸಕ್ಕೆ ಸೇರಿದ್ದ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. ಅಪಘಾತಕ್ಕೆ ಆರು ತಿಂಗಳ ಹಿಂದೆ ಆಯುಧಪೂಜೆಯ ದಿನ ಅವನು ತೆಗೆದಿದ್ದ ಫೋಟೋ ಅವನ ಮೊಬೈಲಿನಲ್ಲಿತ್ತು ಎಂದು ಮೊದಲು ಅಂದುಕೊಂಡಿದ್ದೆವು. ಹುಡುಕಿದಾಗ ಅದು 2021ರ ಅಕ್ಟೋಬರಿನದೆಂದು ತಿಳಿಯಿತು, ಅಂದರೆ ಒಂಬತ್ತು ತಿಂಗಳ ಹಿಂದಿನದು. ಹೂವಿನ ಹಾರ ಹಾಕಿದ ಆ ಪ್ರೆಸ್ಸಿನ ಮುಂಭಾಗದಲ್ಲಿ ಗಾರ್ಡ್ ಇಲ್ಲದಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಇನ್ನು ಲೆಕ್ಕ. ಪೂರ್ಣ ಶಾಶ್ವತ ಅಂಗನಷ್ಟಕ್ಕೆ ತಿಂಗಳ ಸಂಬಳದ ಶೇ. 60ನ್ನು ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸುತ್ತಾರೆ. ಸಾವಿನ ಪ್ರಕರಣದಲ್ಲಿ ಅದು ಶೇ. 50. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ 2020ರ ಜನವರಿ 3ರಿಂದ 15,000 ರೂಪಾಯಿ, ಅದಕ್ಕೆ ಮುಂಚೆ 8,000 ಇತ್ತು. ಗುಣಕ 30ನೇ ವಯಸ್ಸಿಗೆ 207.98, 35ಕ್ಕೆ 197.06, 40ಕ್ಕೆ 184.17. ನನ್ನ ಸಂಬಳದ ಶೇ. 60 ಎಂದರೆ 8,400. ಅದನ್ನು 197.06ರಿಂದ ಗುಣಿಸಿದರೆ 16,55,304 ರೂಪಾಯಿ. ಭಾಗಶಃ ನಷ್ಟವಾದರೆ, ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆ ಗಾಯಕ್ಕೆ ಹೇಳಿರುವ ಪ್ರಮಾಣದಷ್ಟು ಮಾತ್ರ ಸಿಗುತ್ತದೆ.

ಅನುಸೂಚಿಯನ್ನು ನಾನು ಎಷ್ಟು ಸಲ ಓದಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಇಡೀ ತೋರುಬೆರಳು ಹೋದರೆ ಶೇ. 14, ಇಡೀ ನಡುಬೆರಳು ಹೋದರೆ ಶೇ. 12. ಎರಡನ್ನೂ ಕೂಡಿಸಿದರೆ 26 ಆಗುತ್ತದೆ. ಆದರೆ ಒಂದೇ ಕೈಯ ಎರಡು ಬೆರಳುಗಳಿಗೆ ಬೇರೆಯದೇ ಒಂದು ಸಾಲು ಇದೆ, ಅದು ಶೇ. 20. ನಮ್ಮ ವಕೀಲರು 26ಕ್ಕಾಗಿ ವಾದಿಸಿದರು, ಬಲಗೈ ಕೆಲಸದವನು ಇನ್ನು ಪ್ರೆಸ್ ನಡೆಸಲಾರ, ಆದ್ದರಿಂದ ಗಳಿಕೆಯ ನಷ್ಟ ಇನ್ನೂ ಹೆಚ್ಚು ಎಂದೂ ವಾದಿಸಿದರು. ಎಡಗೈಯನ್ನು ಮೊಣಕೈ ಮೇಲೆ ಕಳೆದುಕೊಂಡ ಬಡಗಿಯೊಬ್ಬರು ಬಡಗಿ ಕೆಲಸಕ್ಕೆ ಪೂರ್ತಿ ಅಸಮರ್ಥರೆಂದು ಸುಪ್ರೀಂ ಕೋರ್ಟ್ 1975ರ ಡಿಸೆಂಬರಿನಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಒಪ್ಪಿತ್ತು. ನನ್ನ ವಿಷಯದಲ್ಲಿ ಆಯುಕ್ತರು ಅನುಸೂಚಿಯ 20ನ್ನೇ ಹಿಡಿದರು. ಅದು 3,31,060 ರೂಪಾಯಿ ಆಯಿತು. ಅನುಸೂಚಿ ಬೆರಳುಗಳನ್ನು ಎಣಿಸುತ್ತದೆ, ಆ ಬೆರಳುಗಳು ಮಾಡುತ್ತಿದ್ದ ಕಸುಬನ್ನು ಎಣಿಸುವುದಿಲ್ಲ ಎಂಬ ನೋವು ನನ್ನಲ್ಲಿ ಇನ್ನೂ ಇದೆ. ಹದಿಮೂರು ವರ್ಷ ಕಲಿತ ಕೆಲಸ ನನಗೆ ಪೂರ್ತಿ ಹೋಯಿತು, ಐದರಲ್ಲಿ ಒಂದು ಪಾಲಲ್ಲ.

ಅದೇ ಸುಪ್ರೀಂ ಕೋರ್ಟ್ ತೀರ್ಪಿನ ಇನ್ನೊಂದು ಭಾಗ ನನಗೆ ನೆರವಾಯಿತು. ಪರಿಹಾರದ ಹೊಣೆ ಹುಟ್ಟುವುದು ಆದೇಶದ ದಿನ ಅಲ್ಲ, ಅಪಘಾತದ ದಿನವೇ ಎಂದು ಅದು ಹೇಳುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರ ಸರಳ ಬಡ್ಡಿ ಸೇರುತ್ತದೆ. ಆಯುಕ್ತರು ಮೂರು ತಿಂಗಳಲ್ಲಿ ಅರ್ಜಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿದರೂ ನನ್ನದಕ್ಕೆ ಎರಡು ವರ್ಷ ಹಿಡಿಯಿತು, ವಾಯಿದೆಯ ಮೇಲೆ ವಾಯಿದೆ ಬಿದ್ದವು. ಆದೇಶ ಬಂದ ಮೇಲೂ ಮಾಲೀಕರು ಕಟ್ಟಲಿಲ್ಲ. ಅವರು ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕಿದ್ದರೂ ಮೊದಲು ಪೂರ್ತಿ ಮೊತ್ತವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕಾಗಿತ್ತು. 31ನೇ ಕಲಮಿನಡಿ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಲು ನಾವು ಅರ್ಜಿ ಕೊಟ್ಟ ಮೇಲೆ, 2025ರ ಮೇ ತಿಂಗಳಲ್ಲಿ ಹಣ ಠೇವಣಿಯಾಯಿತು. ಬಡ್ಡಿಯೇ ಒಂದು ಲಕ್ಷ ದಾಟಿತ್ತು. ಚಿಕಿತ್ಸೆಗೆ ನಾನೇ ಮಾಡಿದ್ದ 46,000 ರೂಪಾಯಿ ಖರ್ಚನ್ನೂ ರಸೀದಿಗಳ ಆಧಾರದ ಮೇಲೆ ಕೊಡಿಸಿದರು. ರಸೀದಿ ಇಲ್ಲದ ಔಷಧಿಗಳ ಹಣ ಬರಲಿಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ನೌಕರರ ಪರಿಹಾರದ ವಿಷಯ ಅದರ ಏಳನೆಯ ಅಧ್ಯಾಯಕ್ಕೆ ಸೇರಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಅದು, ಕೆಲಸದೊಂದಿಗೆ ಸಂಬಂಧ ಸಾಬೀತಾದರೆ, ಒಳಗೊಳ್ಳುತ್ತದೆ. ಆ ದಿನದ ನಂತರ ಗಾಯಗೊಂಡವರು ಕಲಮುಗಳ ಸಂಖ್ಯೆಯನ್ನು ನನ್ನ ಬರಹದಿಂದ ತೆಗೆದುಕೊಳ್ಳದೆ ಹೊಸ ಸಂಹಿತೆಯಲ್ಲಿ ನೋಡಿಕೊಳ್ಳಬೇಕು.

ಕೊನೆಯ ತೊಡಕು ಎದುರಾದದ್ದು ಬ್ಯಾಂಕಿನಲ್ಲಿ. ಹಣ ಖಾತೆಗೆ ಬಂದ ಮೇಲೆ ತೆಗೆಯಲು ಹೋದರೆ, ನನ್ನ ಸಹಿ ಹೊಂದುವುದಿಲ್ಲವೆಂದು ಮೊದಲ ದಿನ ಚೀಟಿಯನ್ನು ಹಿಂದಿರುಗಿಸಿದರು. ಉಂಗುರ ಬೆರಳು ಮತ್ತು ಹೆಬ್ಬೆರಳಿನ ನಡುವೆ ಪೆನ್ನು ಹಿಡಿದು ಮಾಡುವ ಸಹಿ ಹಳೆಯ ಸಹಿಯಂತೆ ಬರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ ಮತ್ತು ಆಯುಕ್ತರ ಆದೇಶದ ಪ್ರತಿ ತೋರಿಸಿ, ಹೊಸ ಮಾದರಿ ಸಹಿ ಕೊಟ್ಟು, ಮೂರನೆಯ ದಿನ ಹಣ ಪಡೆದೆ. ಕೈಗೆ ಗಾಯವಾದವರು ಹೊಲಿಗೆ ಮಾಗಿದ ಕೂಡಲೇ ಬ್ಯಾಂಕಿನಲ್ಲಿ ಸಹಿಯನ್ನು ಬದಲಾಯಿಸಿಕೊಂಡರೆ ಈ ಓಡಾಟ ತಪ್ಪುತ್ತದೆ.