ಹಳೆಯ ನೆಗೆಟಿವ್‌ಗಳನ್ನು ಮನೆಯಲ್ಲೇ ಡಿಜಿಟಲ್ ಮಾಡುವುದು ಹೇಗೆ?

ಕಾಸರಗೋಡಿನ ಕಡೆ ಹಳೆಯ ಮದುವೆ ಆಲ್ಬಮ್ ತೆಗೆದು ನೋಡಿ, ಹಿಂದಿನ ಕವರಿನಲ್ಲಿ ನೆಗೆಟಿವ್ ಪಟ್ಟಿಗಳು ಇರುತ್ತವೆ. ಆಟಿ ತಿಂಗಳ ತೇವಕ್ಕೆ ಅವು ಬೂಷ್ಟು ಹಿಡಿಯುವ ಮೊದಲೇ ಈ ಕೆಲಸ ಮುಗಿಸಿ. ತುಂಬ ಜನ ಕಾಗದದ ಸ್ಕ್ಯಾನರಿನಲ್ಲಿ ನೆಗೆಟಿವ್ ಇಟ್ಟು, ಕಪ್ಪು ಪಟ್ಟಿ ಮಾತ್ರ ಬಂತು ಅಂತ ಕೈಬಿಡುತ್ತಾರೆ. ಬರುವುದೇ ಹಾಗೆ. ಬೆಳಕು ನೆಗೆಟಿವ್‌ನ ಹಿಂದಿನಿಂದ ಹಾಯಬೇಕು.

ನನ್ನ ಸಲಹೆ, ಮನೆಯಲ್ಲಿರುವ ಡಿಜಿಟಲ್ ಕ್ಯಾಮೆರಾದಲ್ಲೇ ನೆಗೆಟಿವ್‌ನ ಫೋಟೊ ತೆಗೆಯಿರಿ. ಜೊತೆಗೆ ಮ್ಯಾಕ್ರೊ ಲೆನ್ಸ್ (ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್), ಟ್ರೈಪಾಡ್, ಬಿಳಿ ಎಲ್‌ಇಡಿ ಪ್ಯಾಡ್ ಬೇಕು. ಪ್ಯಾಡ್ ಕೊಳ್ಳುವಾಗ ಸಿಆರ್‌ಐ, ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವ ಅಂಕ, 95 ಅಥವಾ ಹೆಚ್ಚಿದೆಯೇ ನೋಡಿ, ಅಗ್ಗದ್ದರಲ್ಲಿ ಮೈಬಣ್ಣ ಸರಿಯಾಗಿ ಬರುವುದಿಲ್ಲ. 24 ಮೆಗಾಪಿಕ್ಸೆಲ್ ಧಾರಾಳ ಸಾಕು, 20 ಇಂಚು ಅಗಲದ ಪ್ರಿಂಟ್ ಚೆನ್ನಾಗಿ ಬರುತ್ತದೆ. ಕಂಪ್ಯೂಟರೇ ಬೇಡ ಅಂತ ಮಾರುವ ಸಣ್ಣ ಫಿಲ್ಮ್ ಸ್ಕ್ಯಾನರ್ ಡಬ್ಬಿಗಳನ್ನು ಮಾತ್ರ ತರಬೇಡಿ. ಹೆಚ್ಚಿನವು ಜೆಪೆಗ್ ಮಾತ್ರ ಕೊಡುತ್ತವೆ, ಆಮೇಲೆ ಬಣ್ಣ ತಿದ್ದಲು ಏನೂ ಉಳಿದಿರುವುದಿಲ್ಲ.

ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಹಾರಿಸಿ. ಬೈರಾಸಿನ ತುದಿಯಲ್ಲಿ ಉಜ್ಜಬೇಡಿ. ಬೂಷ್ಟು ಇದ್ದರೆ ನೀರು ತಾಗಿಸಲೇಬೇಡಿ, ಅದು ತಿಂದ ಕಡೆ ಜೆಲಾಟಿನ್ ಮೆತ್ತಗಾಗಿ ಚಿತ್ರವೇ ಕಿತ್ತು ಬರಬಹುದು.

ಇನ್ನು ಎಲ್ಲರೂ ಎಡವುವ ಜಾಗ, ಕ್ಯಾಮೆರಾವನ್ನು ಸಮಕ್ಕೆ ನಿಲ್ಲಿಸುವುದು. ಕ್ಯಾಮೆರಾ ಮತ್ತು ಫಿಲ್ಮ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಸ್ವಲ್ಪ ವಾಲಿದರೂ ಮದುಮಗನ ಮುಖ ಸ್ಪಷ್ಟ, ಪಕ್ಕದಲ್ಲಿ ನಿಂತ ಅಜ್ಜಿ ಮಸುಕು. ಕಣ್ಣಂದಾಜು ನಂಬಬೇಡಿ. ಫಿಲ್ಮ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು ಕ್ಯಾಮೆರಾದ ಸ್ಕ್ರೀನ್ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಾಣುವವರೆಗೆ ಟ್ರೈಪಾಡ್ ತಲೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಯಾಕೆಂದರೆ ಸ್ಕ್ರೂ ತಿರುಗಿಸುವಾಗಲೇ ಅದು ಸರಿದುಬಿಡುತ್ತದೆ. ಆಮೇಲೆ ಕನ್ನಡಿ ತೆಗೆದು ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಹೋಲ್ಡರಿನಲ್ಲಿ ಇಡಿ. ಅಂಚಿನ ಅಕ್ಷರಗಳು ನೇರವಾಗಿ ಓದಲು ಬಂದರೆ ಸರಿಯಾದ ಮಗ್ಗುಲು. ಫಿಲ್ಮ್ ಪ್ಯಾಡಿಗೆ ಅಂಟಿಕೊಂಡಿರಬಾರದು, ಒಂದೆರಡು ಇಂಚು ಎತ್ತರದಲ್ಲಿರಲಿ, ಪ್ಯಾಡಿನ ಮೇಲಿನ ಧೂಳು ಆಗ ಚಿತ್ರಕ್ಕೆ ಬರುವುದಿಲ್ಲ. ಫೋಕಸ್ ಕೈಯಲ್ಲೇ ಮಾಡಿ. ಸ್ಕ್ರೀನನ್ನು ಪೂರ್ತಿ ಹಿಗ್ಗಿಸಿ ಫಿಲ್ಮಿನ ಸಣ್ಣ ಕಾಳುಗಳು ಹರಳುಹರಳಾಗಿ ಕಾಣುವವರೆಗೆ ತಿರುಗಿಸಿ, ನಾಲ್ಕು ಮೂಲೆಯಲ್ಲೂ ನೋಡಿ.

ಕೋಣೆಯ ದೀಪ ಆರಿಸಿ. ಕ್ಯಾಮೆರಾದಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 8, ರಾ ಫೈಲ್ (ಜೆಪೆಗ್ ಆಗದ ಮೂಲ ಫೈಲ್), ಎರಡು ಸೆಕೆಂಡಿನ ಟೈಮರ್. ಒಂದೇ ರೋಲಿನ ಎಲ್ಲ ಚಿತ್ರಕ್ಕೂ ಒಂದೇ ಎಕ್ಸ್‌ಪೋಶರ್ ಇರಲಿ.

ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಲು ಸುಮ್ನೆ ಇನ್ವರ್ಟ್ ಒತ್ತಿದರೆ ಎಲ್ಲ ನೀಲಿ ನೀಲಿ. ಕಲರ್ ಫಿಲ್ಮಿಗೆ ಕಿತ್ತಳೆ ಬಣ್ಣದ ತಳ ಇರುತ್ತದಲ್ವಾ, ಅದು ತಿರುಗಿದರೆ ನೀಲಿ. ಅದಕ್ಕೆ ಮೊದಲು ಎರಡು ಚಿತ್ರಗಳ ನಡುವಿನ ಖಾಲಿ ಕಿತ್ತಳೆ ಜಾಗದ ಮೇಲೆ ವೈಟ್ ಬ್ಯಾಲೆನ್ಸ್ ಒತ್ತಿ, ಆಮೇಲೆ ಇನ್ವರ್ಟ್ ಮಾಡಿ, ಕೊನೆಗೆ ಕೆಂಪು, ಹಸಿರು, ನೀಲಿ ಕರ್ವ್‌ಗಳನ್ನು (ಬಣ್ಣ ಹೆಚ್ಚುಕಡಿಮೆ ಮಾಡುವ ಗೆರೆಗಳನ್ನು) ಒಂದೊಂದಾಗಿ ಸರಿಮಾಡಿ. ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಕಪ್ಪು ಬಿಳುಪಿಗೆ ಈ ರಗಳೆ ಇಲ್ಲ, ತಿರುಗಿಸಿದರೆ ಆಯಿತು.

ಫೈಲುಗಳನ್ನು ಎರಡು ಕಡೆ ಇಡಿ. ನೆಗೆಟಿವ್ ಎಸೆಯಬೇಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮಳೆಗಾಲದಲ್ಲಿ ಆ ಪೊಟ್ಟಣಗಳನ್ನು ಆಗಾಗ ಬದಲಿಸಿ.