ಗುರ್ರೆನ್ನುವ ಪವರ್ ಸಪ್ಲೈಗೆ ಹೊಸ ಫ್ಯಾನು

ಮಲ್ಪೆಯಲ್ಲಿ ಕಡಲಿಗೆ ಹತ್ತಿರ ಇರುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಿಟಕಿಯ ಕೊಂಡಿ, ಗೇಟಿನ ಬೀಗ, ಸೈಕಲ್ ಚೈನು ಯಾವುದೂ ನಾಲ್ಕು ಮಳೆಗಾಲ ನೆಟ್ಟಗೆ ಬಾಳುವುದಿಲ್ಲ. ಕಂಪ್ಯೂಟರು ಮಾತ್ರ ಹೇಗೆ ಬಾಳೀತು? ನಮ್ಮ ಮನೆಯದ್ದು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಹಳೆಯ ಗ್ರೈಂಡರಿನ ಹಾಗೆ ಗುರ್ರೆನ್ನತೊಡಗಿತು. ಹತ್ತು ನಿಮಿಷ ಕಳೆದರೆ ತಾನಾಗಿ ಸುಮ್ಮನಾಗುತ್ತಿತ್ತು. ಹದಿನೈದು ದಿನಕ್ಕೆ ಸದ್ದೇ ನಿಂತಿತು, ನಾವೂ ಖುಷಿಪಟ್ಟೆವು. ನಿಂತದ್ದು ಸದ್ದಲ್ಲ, ಫ್ಯಾನು ಎಂದು ಗೊತ್ತಾದದ್ದು ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದ ಮೇಲೆ.

ಅಂಗಡಿಯವರು ಪವರ್ ಸಪ್ಲೈಯನ್ನೇ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿಕೊಡುವ, ಆ ಫ್ಯಾನಿರುವ ಡಬ್ಬವನ್ನೇ ಬದಲಿಸಿ ಎಂದರು. ಅವರ ಮಟ್ಟಿಗೆ ಅದು ಸರಿಯೇ. ಆದರೆ ಒಳ್ಳೆಯ ಗುಣಮಟ್ಟದ ಪವರ್ ಸಪ್ಲೈ ಆಗಿದ್ದು ಫ್ಯಾನು ಮಾತ್ರ ಕೆಟ್ಟಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ತೀರಾ ಅಗ್ಗಕ್ಕೆ ಸಿಗುವ ಹಗುರ ಡಬ್ಬವಾದರೆ ಈ ಕಷ್ಟ ಬೇಡ, ಹೊಸದೇ ತನ್ನಿ. ಇನ್ನೊಂದು ಮಾತು: ಕೆಲವು ದುಬಾರಿ ಪವರ್ ಸಪ್ಲೈಗಳಲ್ಲಿ ಲೋಡು (ಕಂಪ್ಯೂಟರು ಎಳೆಯುವ ಕರೆಂಟು) ಕಡಿಮೆ ಇದ್ದಾಗ ಫ್ಯಾನು ತಿರುಗುವುದೇ ಇಲ್ಲ. ಅದು ದೋಷವಲ್ಲ.

ಈಗ ಹೆದರಬೇಕಾದ ವಿಷಯ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಒಳಗೆ ಡಿಸಿ ಆಗುವಾಗ ಸುಮಾರು 325 ವೋಲ್ಟ್‌ಗೆ ಏರುತ್ತದೆ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಸಮನಾಗಿ ಎಳೆಯುವ ಸರ್ಕಿಟು) ಇರುವ ಮಾದರಿಗಳಲ್ಲಿ 380–400ರ ಹತ್ತಿರ. ಅದನ್ನು ಹಿಡಿದಿಟ್ಟುಕೊಳ್ಳುವುದು ಹೆಬ್ಬೆರಳಿಗಿಂತ ದಪ್ಪದ ಕಪಾಸಿಟರು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಕೆಲವೊಮ್ಮೆ ಬಹಳ ಹೊತ್ತು. ಆದ್ದರಿಂದ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕ್ಯಾಬಿನೆಟ್ಟಿನ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದದ್ದರಲ್ಲಿ ಒಂದಿಷ್ಟು ಹಾಗೆ ಖಾಲಿಯಾಗುತ್ತದೆ. ಮತ್ತೆ ಒಂದು ರಾತ್ರಿ ಹಾಗೇ ಬಿಡಿ. ಅವಸರದವರಿಗೆ ಇದು ಹೇಳಿದ ಕೆಲಸವಲ್ಲ.

ಮರುದಿನ ಕೇಬಲ್ಲುಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಎಲ್ಲವನ್ನೂ ಬಿಚ್ಚಿ. ಹಿಂಬದಿಯ ನಾಲ್ಕು ಸ್ಕ್ರೂ ತೆಗೆದರೆ ಪವರ್ ಸಪ್ಲೈ ಕೈಗೆ ಬರುತ್ತದೆ. ಅದರ ಮುಚ್ಚಳಕ್ಕೂ ಸಾಮಾನ್ಯವಾಗಿ ನಾಲ್ಕು ಸ್ಕ್ರೂ, ಅವುಗಳಲ್ಲೊಂದು ಸ್ಟಿಕ್ಕರಿನ ಅಡಿಯಲ್ಲಿ ಅಡಗಿರುತ್ತದೆ. ಆ ಸ್ಟಿಕ್ಕರ್ ಹರಿದರೆ ವಾರಂಟಿ ಹೋಯಿತು. ವಾರಂಟಿ ಬಾಕಿ ಇದ್ದರೆ ಇಲ್ಲಿಗೇ ನಿಲ್ಲಿಸಿ.

ನಮ್ಮದನ್ನು ತೆರೆದಾಗ ಫ್ಯಾನಿನ ಎಲೆಗಳಿಗೆ ಅಂಟಿದ್ದದ್ದು ಧೂಳಲ್ಲ, ಮೇಣದ ಹಾಗಿನ ಕಂದು ಪದರ. ಉಪ್ಪುಗಾಳಿಯ ತೇವಕ್ಕೆ ಕೆಂಪು ಮಣ್ಣಿನ ಹುಡಿ ಸೇರಿ ಗಟ್ಟಿಯಾದದ್ದು. ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಎರಡು ಒಡೆದ ಚಿಪ್ಪು ಬೇರೆ. ಅಷ್ಟು ಬೆಚ್ಚಗಿನ ಬಾಣಂತಿ ಕೋಣೆ ಅದಕ್ಕೆ ಇನ್ನೆಲ್ಲಿ ಸಿಗಬೇಕು!

ಒಳಗೆ ಕೈ ಹಾಕುವ ಮೊದಲು ವೋಲ್ಟೇಜು ಅಳೆಯುವ ಮಲ್ಟಿಮೀಟರನ್ನು ಡಿಸಿ 600 ಅಥವಾ 1000 ವೋಲ್ಟ್‌ನಲ್ಲಿಟ್ಟು ದೊಡ್ಡ ಕಪಾಸಿಟರಿನ ಎರಡು ಕಾಲುಗಳ ನಡುವೆ ನೋಡಿ. ಕಾಲುಗಳು ಬೋರ್ಡಿನ ಅಡಿಯಲ್ಲಿರುವುದರಿಂದ ಬೋರ್ಡನ್ನು ಅಂಚಿನಲ್ಲಷ್ಟೇ ಹಿಡಿದು ಎತ್ತಬೇಕು. ಹತ್ತು ವೋಲ್ಟಿಗಿಂತ ಕೆಳಗೆ ಇಳಿದಿದ್ದರೆ ಮುಂದುವರಿಯಿರಿ. ಇಲ್ಲವೆಂದರೆ ಮುಚ್ಚಿ ಬಲ್ಲವರಲ್ಲಿಗೆ ಕೊಂಡುಹೋಗಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಶೌರ್ಯ ಬೇಡ ಮಾರಾಯ್ರೆ, ತುದಿಯೂ ಕರಗುತ್ತದೆ, ಕಪಾಸಿಟರೂ ಹಾಳಾಗುತ್ತದೆ. ಯಾವುದಾದರೂ ಕಪಾಸಿಟರಿನ ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ದ್ರವ ಸೋರಿದ್ದರೆ ಹೊಸ ಫ್ಯಾನಿಗೆ ದುಡ್ಡು ಹಾಕುವುದು ವ್ಯರ್ಥ.

ಫ್ಯಾನು ಕೊಳ್ಳುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಈಗಿನವು ಹೆಚ್ಚಾಗಿ 120 ಮಿ.ಮೀ., ಹಳೆಯವು 80 ಮಿ.ಮೀ. ದಪ್ಪ ಬಹುತೇಕ 25. ಸ್ಟಿಕ್ಕರಿನ ಮೇಲೆ 12 ವೋಲ್ಟ್ ಡಿಸಿ, ಪಕ್ಕದಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಹೊಸದರ ಆಂಪಿಯರು ಅದಕ್ಕಿಂತ ಹೆಚ್ಚಿರಬಾರದು. ಹಾಗೆಂದು ಸದ್ದೇ ಇಲ್ಲವೆಂದು ತೀರಾ ಮೆಲ್ಲಗೆ ತಿರುಗುವುದನ್ನೂ ತರಬೇಡಿ, ಗಾಳಿ ಸಾಲುವುದಿಲ್ಲ.

ಫ್ಯಾನಿನ ಕಡ್ಡಿ ತಿರುಗಲು ಆಧಾರವಾದ ಬೇರಿಂಗಿನ ವಿಷಯದಲ್ಲಿ ನನ್ನ ಮತ ಪುಟ್ಟ ಗುಂಡುಗಳಿರುವ ಬಾಲ್ ಬೇರಿಂಗಿಗೆ. ಸ್ಲೀವ್ ಬೇರಿಂಗಿನಲ್ಲಿ ಕಂಚಿನ ಉಂಗುರದೊಳಗೆ ಉಕ್ಕಿನ ಕಡ್ಡಿ ತಿರುಗುತ್ತದೆ, ನಡುವೆ ಒಂದಿಷ್ಟು ಎಣ್ಣೆ. ಪವರ್ ಸಪ್ಲೈಯ ಬಿಸಿಗೆ ಆ ಎಣ್ಣೆ ಆರಿ ಗಟ್ಟಿಯಾಗುತ್ತದೆ. ತಣ್ಣಗಿರುವಾಗ ಗುರ್ರೆಂದು ಬಿಸಿಯಾದ ಮೇಲೆ ಸುಮ್ಮನಾಗುವುದು ಇದೇ ಕಾರಣಕ್ಕೆ. ಸ್ಟಿಕ್ಕರ್ ಎತ್ತಿ ಹೊಲಿಗೆ ಮೆಷಿನಿನ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ವಾರ ಓಡೀತು. ತೆಂಗಿನೆಣ್ಣೆ ಮಾತ್ರ ಬೇಡ, ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಏನಾಗುತ್ತದೆಂದು ನೋಡಿದ್ದೀರಲ್ಲ?

ಹಳೆಯ ಫ್ಯಾನಿನ ತುದಿಯಲ್ಲಿ ಎರಡು ಪಿನ್ನಿನ ಪುಟ್ಟ ಬಿಳಿ ಕನೆಕ್ಟರ್ ಇರುತ್ತದೆ. ಹೊಸ ಫ್ಯಾನಿನದ್ದು ಮೂರು ಪಿನ್ನಿನದಾಗಿದ್ದರೆ ಬೋರ್ಡಿನ ಆ ಜಾಗಕ್ಕೆ ಕೂರುವುದಿಲ್ಲ. ಹಳೆಯ ಕನೆಕ್ಟರನ್ನು ಆರೇಳು ಸೆಂಟಿಮೀಟರ್ ವಯರಿನ ಸಮೇತ ಕತ್ತರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಬೆಸುಗೆ ಹಾಕಿ. ಮೂರನೆಯದು ವೇಗ ಅಳೆಯುವ ವಯರು, ಅದರ ತುದಿಯನ್ನು ಮುಚ್ಚಿ ಬಿಡಿ. ಬಿಸಿ ತಾಗಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮೊದಲೇ ತೂರಿಸಬೇಕು. ನಾನು ಮರೆತು ಎರಡು ಸಲ ಬೆಸುಗೆ ಬಿಚ್ಚಿದೆ. ಇನ್ಸುಲೇಷನ್ ಟೇಪು ಸಾಕಲ್ಲ ಎನ್ನಬೇಡಿ. ನಮ್ಮ ಸೆಕೆಗೆ ಅದರ ಅಂಟು ಜಾರಿ ಟೇಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೂರಿಸುವಾಗ ದಿಕ್ಕು ತಪ್ಪಬಾರದು. 120ರ ಫ್ಯಾನು ಗಾಳಿಯನ್ನು ಒಳಕ್ಕೆ ಊದುತ್ತದೆ, ಹಿಂಬದಿಯ 80ರದ್ದು ಹೊರಕ್ಕೆ ಎಳೆಯುತ್ತದೆ. ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತು ಇಲ್ಲವಾದರೆ ಸ್ಟಿಕ್ಕರ್ ಇರುವ ಮುಖದಿಂದ ಗಾಳಿ ಹೊರಬರುತ್ತದೆ ಎಂದು ತಿಳಿಯಿರಿ. ಹಳೆಯ ಫ್ಯಾನಿಗೆ ಅಂಟಿಕೊಂಡಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಸವೆಂದು ಎಸೆಯಬೇಡಿ, ಗಾಳಿಯನ್ನು ಬಿಸಿ ಭಾಗಗಳ ಕಡೆ ತಿರುಗಿಸುವುದು ಅದೇ. ವಯರು ಎಲೆಗೆ ಸಿಗದಂತೆ ಬದಿಗೆ ಕಟ್ಟಿ.

ಮುಚ್ಚಳ ಪೂರ್ತಿ ಮುಚ್ಚಿದ ಮೇಲೆಯೇ ಪರೀಕ್ಷೆ. 24 ಪಿನ್ನಿನ ದೊಡ್ಡ ಕನೆಕ್ಟರಿನ ಹಸಿರು ವಯರನ್ನು ಪಕ್ಕದ ಕಪ್ಪಿಗೆ ಒಂದು ಜೆಮ್ ಕ್ಲಿಪ್ಪಿನಿಂದ ಜೋಡಿಸಿ, ಆಮೇಲೆ ಪ್ಲಗ್ ಹಾಕಿ. ಎಲ್ಲ ವಯರೂ ಕಪ್ಪೇ ಆಗಿದ್ದರೆ ಈ ಹಂತ ಬಿಟ್ಟು ನೇರ ಕ್ಯಾಬಿನೆಟ್ಟಿನಲ್ಲೇ ನೋಡಿ. ಶುರುವಿಗೆ ಫ್ಯಾನು ಮೆಲ್ಲಗೆ ತಿರುಗುವುದು ಸಹಜ, ಒಳಗಿನ ಬಿಸಿ ನೋಡಿ ವೇಗ ಏರುತ್ತದೆ. ಆದರೆ ಪ್ರತಿ ಸಲ ನಡುಗಿ ನಿಲ್ಲುವುದಾದರೆ ಆ ಫ್ಯಾನಿಗೆ ಶುರುವಿನ ಕಡಿಮೆ ವೋಲ್ಟೇಜು ಸಾಲುತ್ತಿಲ್ಲ, ಬೇರೆಯದು ತನ್ನಿ.

ಕ್ಯಾಬಿನೆಟ್ಟಿಗೆ ಜೋಡಿಸಿ ಒಂದು ಗಂಟೆ ಓಡಿಸಿ. ಹಿಂಬದಿಯ ಜಾಲರಿಯ ಹತ್ತಿರ ಅಂಗೈ ಹಿಡಿದರೆ ಗಾಳಿ ಉಗುರು ಬೆಚ್ಚಗೆ ತಾಗಬೇಕು. ಬಿಸಿ ತಾಗಿಯೂ ಗಾಳಿ ತಾಗದಿದ್ದರೆ ಫ್ಯಾನು ತಲೆಕೆಳಗಾಗಿ ಕೂತಿರಬಹುದು. ಮತ್ತೆ ಪ್ಲಗ್ ಕಿತ್ತು, ಒಂದು ರಾತ್ರಿ ಕಾದು, ಬಿಚ್ಚಿ.